ಬಾಯಿಮಾತಿನ ಆದೇಶ, ಬರಹದ ನೋಟಿಸು

ಪ್ರಶ್ನೆ: ನಾನು ಕಲಬುರಗಿಯ ಒಂದು ಸರ್ಕಾರಿ ಕಚೇರಿಯಲ್ಲಿ ದ್ವಿತೀಯ ದರ್ಜೆ ಸಹಾಯಕ. ಹುಟ್ಟಿನಿಂದ ಎರಡೂ ಕಿವಿ ಕೇಳಿಸುವುದಿಲ್ಲ. ತುಟಿಗಳ ಚಲನೆ ನೋಡಿ ಮಾತು ಗ್ರಹಿಸುತ್ತೇನೆ. ಸಹೋದ್ಯೋಗಿಗಳು ಹೆಸರು ಬಿಟ್ಟು ‘ಕೆಪ್ಪ’ ಎಂದೇ ಕರೆಯುತ್ತಾರೆ. ಹಿಂದಿನಿಂದ ಪೆನ್ನಿನ ಮುಚ್ಚಳ ಎಸೆದು, ನಾನು ತಿರುಗಿದರೆ ನಗುತ್ತಾರೆ. ಮೇಲಧಿಕಾರಿಗಳು ಕಡತದಿಂದ ತಲೆಯೆತ್ತದೆ ಕೆಲಸ ಹೇಳುತ್ತಾರೆ, ಆಗದಿದ್ದರೆ ಕಾರಣ ಕೇಳಿ ನೋಟಿಸು ಕೊಡುತ್ತಾರೆ. ಈಗಾಗಲೇ ಎರಡು ಬಂದಿವೆ. ‘ಫೋನ್ ಎತ್ತಲಾಗದವನಿಗೆ ಮುಂಬಡ್ತಿ ಏಕೆ’ ಎಂದೂ ಅಂದರಂತೆ. ಏನು ಮಾಡಲಿ?
– ಓದುಗ, ಕಲಬುರಗಿ

ಉತ್ತರ: ಕೆಲಸ ಹೇಳುವುದು ಬಾಯಿಮಾತಿನಲ್ಲಿ, ತಪ್ಪು ಹೊರಿಸುವುದು ಬರಹದಲ್ಲಿ, ನಿಮ್ಮ ತೊಂದರೆಯ ಬೇರು ಇಲ್ಲಿದೆ. ಆದ್ದರಿಂದ ಮೊದಲು ಆ ಎರಡು ನೋಟಿಸುಗಳನ್ನು ನೋಡಿಕೊಳ್ಳಿ. ಉತ್ತರಿಸದೆ ಬಿಟ್ಟರೆ ನಿಮ್ಮ ಸಮಜಾಯಿಷಿಯೇ ಇಲ್ಲವೆಂದು ಮುಂದಿನ ಕ್ರಮ ಜರುಗಿಸಲು ದಾರಿಯಾಗುತ್ತದೆ. ಯಾವ ದಿನ, ಯಾವ ಕೆಲಸವನ್ನು, ನಿಮಗೆ ಮುಖ ಕಾಣದಂತೆ ಮೌಖಿಕವಾಗಿ ಹೇಳಲಾಯಿತು ಎಂಬುದನ್ನು ಉತ್ತರದಲ್ಲಿ ಸೌಜನ್ಯದಿಂದ, ಆದರೆ ಬಿಡಿಸಿ ಬರೆಯಿರಿ.

ಅದರ ಜೊತೆಗೇ, ಇನ್ನು ಮುಂದೆ ಕೆಲಸವನ್ನು ಚೀಟಿಯಲ್ಲೋ ವಾಟ್ಸಾಪ್‌ನಲ್ಲೋ ತಿಳಿಸಬೇಕೆಂದೂ, ಫೋನ್ ಕೆಲಸವನ್ನು ಬೇರೊಬ್ಬರಿಗೆ ವಹಿಸಿ ಬದಲಿಗೆ ಕಡತದ ಕೆಲಸ ಕೊಡಬೇಕೆಂದೂ ಪ್ರತ್ಯೇಕ ಅರ್ಜಿ ಸಲ್ಲಿಸಿ. ಇದು ದಯೆಯ ಬೇಡಿಕೆಯಲ್ಲ. ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ, 2016ರ 20ನೇ ಕಲಂ, ನೌಕರನ ಅಗತ್ಯಕ್ಕೆ ತಕ್ಕ ಅನುಕೂಲಗಳನ್ನು ಸರ್ಕಾರಿ ಕಚೇರಿ ಕಲ್ಪಿಸಬೇಕೆನ್ನುತ್ತದೆ. ಅಂಗವಿಕಲತೆಯೊಂದನ್ನೇ ಕಾರಣವಾಗಿಸಿ ಮುಂಬಡ್ತಿ ನಿರಾಕರಿಸುವಂತಿಲ್ಲವೆಂದೂ ಅದೇ ಕಲಂ ಹೇಳುತ್ತದೆ. ಆದರೆ ‘ಅಂದರಂತೆ’ ಎಂಬುದು ಸಾಕ್ಷ್ಯವಾಗದು. ಜ್ಯೇಷ್ಠತಾ ಪಟ್ಟಿಯಲ್ಲಿ ನಿಮ್ಮ ಸ್ಥಾನ ನೋಡಿಕೊಳ್ಳಿ. ನಿಮ್ಮ ಸರದಿ ತಪ್ಪಿಸಿ ಆದೇಶ ಹೊರಟರೆ, ಸರ್ಕಾರಿ ನೌಕರರ ಸೇವಾ ವಿವಾದಗಳನ್ನು ಆಲಿಸುವ ಕರ್ನಾಟಕ ರಾಜ್ಯ ಆಡಳಿತ ನ್ಯಾಯಮಂಡಳಿಯ ಪೀಠ ಕಲಬುರಗಿಯಲ್ಲೇ ಇದೆ.

ಅನುಕೂಲ ಕಲ್ಪಿಸದಿದ್ದರೆ, 23ನೇ ಕಲಮಿನಂತೆ ನೇಮಕವಾಗಿರಬೇಕಾದ ಕುಂದುಕೊರತೆ ನಿವಾರಣಾ ಅಧಿಕಾರಿಗೆ ದೂರು ಕೊಡಿ. ನೋಂದಾಯಿಸಿದ ಎರಡು ವಾರಗಳೊಳಗೆ ವಿಚಾರಣೆ ನಡೆಯಬೇಕು. ಅಂಥ ಅಧಿಕಾರಿ ತಮ್ಮಲ್ಲಿ ಯಾರೆಂಬುದೇ ಗೊತ್ತಿಲ್ಲದ ಕಚೇರಿಗಳಿವೆ. ನಿಮ್ಮದೂ ಹಾಗಿದ್ದರೆ ಅವರ ಹೆಸರು, ಹುದ್ದೆಯನ್ನು ಮಾಹಿತಿ ಹಕ್ಕಿನಡಿ ಕೇಳಿ. ಕ್ರಮ ತೃಪ್ತಿ ತರದಿದ್ದರೆ ಅಂಗವಿಕಲರಿಗಾಗಿ ಇರುವ ಜಿಲ್ಲಾ ಮಟ್ಟದ ಸಮಿತಿಗೂ, ರಾಜ್ಯ ಆಯುಕ್ತರಿಗೂ ಬರೆಯಬಹುದು.

ಇನ್ನು ‘ಕೆಪ್ಪ’ ಎಂಬ ಕರೆ, ಮುಚ್ಚಳ ಎಸೆಯುವ ಆಟ. ಹತ್ತು ಜನ ಕಾಣುವ ಜಾಗದಲ್ಲಿ ಅವಮಾನಿಸುವ ಉದ್ದೇಶದಿಂದಲೇ ಅಂಗವಿಕಲ ವ್ಯಕ್ತಿಯನ್ನು ನಿಂದಿಸಿದರೆ, 92ನೇ ಕಲಮಿನಡಿ ಆರು ತಿಂಗಳಿಗೆ ಕಡಿಮೆಯಿಲ್ಲದ, ಐದು ವರ್ಷಗಳವರೆಗಿನ ಸೆರೆವಾಸ ಮತ್ತು ದಂಡ ಉಂಟು. ಆದರೂ ನಾಳೆಯೇ ಪೊಲೀಸ್ ಠಾಣೆಗೆ ಹೋಗಿ ಎಂದು ನಾನು ಹೇಳಲಾರೆ. ಉದ್ದೇಶವನ್ನು ರುಜುವಾತುಪಡಿಸಬೇಕಾಗುತ್ತದೆ, ಮರುದಿನ ನೀವು ಕೂರಬೇಕಾದದ್ದೂ ಅದೇ ಮೇಜಿನಲ್ಲಿ. ದಿನಾಂಕ, ವೇಳೆ, ಎದುರಿಗಿದ್ದವರ ಹೆಸರುಗಳನ್ನು ಒಂದು ನೋಟುಬುಕ್ಕಿನಲ್ಲಿ ಅಂದಂದೇ ಬರೆದಿಡಿ. ನೀವು ಕೇಳಿಸಿಕೊಳ್ಳಲಾಗದ ಮಾತನ್ನು ಕೇಳಿಸಿಕೊಂಡವರು ಒಬ್ಬರಾದರೂ ಸಾಕ್ಷಿ ನುಡಿಯಲು ಮುಂದೆ ಬಂದರೆ ದೂರಿಗೆ ಬಲ ಬರುತ್ತದೆ.

ನ್ಯಾಯಾಲಯದ ಆವರಣದಲ್ಲಿರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ನಿಮಗೆ ವಕೀಲರ ನೆರವು ಉಚಿತ. ಪ್ರತಿ ಅರ್ಜಿಗೂ ಅಂಗವಿಕಲರ ಗುರುತಿನ ಚೀಟಿಯ ನಕಲು ಲಗತ್ತಿಸಿ. ಯಾರ ಕೈಗೋ ಹಾಗೇ ಕೊಡದೆ ಟಪಾಲು ಮೇಜಿನಲ್ಲಿ ಸಲ್ಲಿಸಿ, ನಿಮ್ಮ ಪ್ರತಿಯ ಮೇಲೆ ಮೊಹರು, ದಿನಾಂಕ ಹಾಕಿಸಿಕೊಂಡೇ ಅಲ್ಲಿಂದ ಏಳಿ.