ಹಿಪ್ ರಿಪ್ಲೇಸ್‌ಮೆಂಟ್ ಆಗಿ ನಾಲ್ಕು ವಾರ, ನೋವಿಲ್ಲ. ಇನ್ನೂ ಫಿಸಿಯೋಥೆರಪಿ ಬೇಕಾ, ವಾಕಿಂಗ್ ಸಾಲದಾ?

ಕಾರವಾರದಲ್ಲಿರುವ ನಿಮ್ಮ ಅಮ್ಮ ನೋವಿಲ್ಲದೆ ಮನೆಯೊಳಗೆ ಓಡಾಡುತ್ತಿದ್ದಾರೆ, ಹಾಗಾಗಿ ಫಿಸಿಯೋ ನಿಲ್ಲಿಸಬಹುದಾ ಅಂತ ಕೇಳಿದ್ದೀರಿ. ನಾನು ನಿಲ್ಲಿಸಿದ್ದೂ ಇದೇ ಕಾರಣಕ್ಕೆ. ಅದೂ ಸರಿಯಾಗಿ ನಾಲ್ಕನೇ ವಾರಕ್ಕೆ.

ನಮ್ಮದು ಶಿರಸಿ ಪೇಟೆಯಿಂದ ಇಪ್ಪತ್ತು ಕಿಲೋಮೀಟರ್ ಒಳಗೆ, ಅಡಿಕೆ ತೋಟದ ಮನೆ. 2023ರ ಮೇ ತಿಂಗಳಲ್ಲಿ ಹುಬ್ಬಳ್ಳಿಯಲ್ಲಿ ಬಲಗಡೆಯ ಹಿಪ್, ಅಂದರೆ ತೊಡೆ ಸೊಂಟಕ್ಕೆ ಸೇರುವ ಕೀಲು, ಬದಲಿಸಿದರು. ಮಾರನೇ ದಿನವೇ ವಾಕರ್ ಕೊಟ್ಟು ನಿಲ್ಲಿಸಿದರು. ವರ್ಷಗಟ್ಟಲೆ ರಾತ್ರಿ ನಿದ್ದೆ ಕೆಡಿಸಿದ್ದ ನೋವು ಹೇಳದೆ ಕೇಳದೆ ಹೋಗಿಬಿಟ್ಟಿತ್ತು. ಇನ್ನೇನು ಬೇಕು ಅಂತ ಅನಿಸಿತು.

ಫಿಸಿಯೋದವರು ಒಂದಿಷ್ಟು ವ್ಯಾಯಾಮ ಹೇಳಿಕೊಟ್ಟಿದ್ದರು. ಪಾದ ಮೇಲೆ ಕೆಳಗೆ ಆಡಿಸುವುದು, ತೊಡೆ ಬಿಗಿ ಹಿಡಿದು ಬಿಡುವುದು, ಹಿಮ್ಮಡಿ ಜಾರಿಸಿ ಮಂಡಿ ಮಡಚುವುದು, ನಿಂತುಕೊಂಡು ಕಾಲನ್ನು ಪಕ್ಕಕ್ಕೆ ಎತ್ತುವುದು. ಈ ಕೊನೆಯದನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ನೋಡೋಕೆ ಏನೂ ಅಲ್ಲ, ಹತ್ತು ಸಲ ಎತ್ತುವಷ್ಟರಲ್ಲಿ ಕಾಲು ನಡುಗುತ್ತಿತ್ತು. ಅಷ್ಟರಲ್ಲಿ ಮಳೆ ಹಿಡಿಯಿತು. ಅಡಿಕೆಗೆ ಕೊಳೆ ರೋಗದ ಔಷಧಿ ಹೊಡೆಸಬೇಕು, ಮರ ಹತ್ತಿ ಅದನ್ನು ಹೊಡೆಯುವ ಕೊನೆಗೌಡ ಸಿಕ್ಕಿದ ದಿನ ನಾನು ತೋಟದಲ್ಲಿರಬೇಕು. ಪೇಟೆಗೆ ಹೋಗಿ ಬರೋದು ಅಂದ್ರೆ ಅರ್ಧ ದಿನ. 'ದಿನಾ ಅಂಗಳದಲ್ಲಿ ನಡೀತೀನಲ್ಲ, ಅದೇ ವ್ಯಾಯಾಮ' ಅಂತ ಎಲ್ಲ ಬಿಟ್ಟೆ.

ಇಲ್ಲೇ ನಾನು ಕೆಟ್ಟಿದ್ದು. ಸ್ವಲ್ಪ ಉದ್ದ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ.

ನೋವು ಹೋದದ್ದು ಸವೆದ ಕೀಲನ್ನು ತೆಗೆದು ಹಾಕಿದ್ದರಿಂದ. ಸ್ನಾಯುವನ್ನು ಯಾರೂ ಬದಲಿಸಿಲ್ಲ. ಆಪರೇಷನ್‌ಗೆ ಮೊದಲೇ ನಾಲ್ಕೈದು ವರ್ಷ ಕುಂಟಿ ಕುಂಟಿ ಸೊರಗಿದ ಸ್ನಾಯು ಅದು, ಅಲ್ವಾ? ನಾವು ಒಂದು ಕಾಲೆತ್ತಿದಾಗ ಇಡೀ ಮೈ ಇನ್ನೊಂದು ಕಾಲಿನ ಮೇಲೆ. ಆಗ ಸೊಂಟ ಪಕ್ಕಕ್ಕೆ ವಾಲದಂತೆ ಎಳೆದು ಹಿಡಿಯೋದು ಚಪ್ಪೆಯ, ಅಂದರೆ ಸೊಂಟದ ಕೀಲಿನ, ಹೊರಬದಿಯ ಸ್ನಾಯು. ಆ ಹೊತ್ತಿಗೆ ಕೀಲಿನ ಮೇಲೆ ಬೀಳುವ ಭಾರ ಮೈತೂಕದ ಎರಡೂವರೆ, ಮೂರು ಪಟ್ಟು. ಆ ಸ್ನಾಯು ಸೋತರೆ ಮೈ ಸುಮ್ನಿರಲ್ಲ, ಉಪಾಯ ಹುಡುಕುತ್ತದೆ. ಎದೆಯನ್ನೇ ಬಲಕ್ಕೆ ವಾಲಿಸಿ ಹೆಜ್ಜೆ ಹಾಕಿಸುತ್ತದೆ. ಹಾಗೆ ನಡೆದರೆ ಸ್ನಾಯುವಿಗೆ ಕೆಲಸವೇ ಕಡಿಮೆ. ಅಂದರೆ ನಾನು ಅಂಗಳದಲ್ಲಿ ದಿನಾ ಅರ್ಧ ಗಂಟೆ ಮಾಡಿದ್ದು ಕುಂಟುವ ಅಭ್ಯಾಸ.

ಸಾಲದ್ದಕ್ಕೆ ಕೋಲು ಬೇರೆ. ಬಲಗಾಲು ಆಪರೇಷನ್ ಆದದ್ದು, ಹಾಗಾಗಿ ಕೋಲೂ ಬಲಗೈಯಲ್ಲಿ, ಎಡಗೈಯಲ್ಲಿ ಕೊಡೆ. ಕೋಲು ಇರಬೇಕಾದ್ದು ಎದುರು ಕೈಯಲ್ಲಿ. ಎಡಗೈಯಲ್ಲಿ ಊರಿದರೆ ಬಲ ಚಪ್ಪೆಯ ಸ್ನಾಯುವಿಗೆ ಆಸರೆ, ಕೀಲಿಗೂ ಭಾರ ಕಡಿಮೆ. ಇದನ್ನು ಆಸ್ಪತ್ರೆಯಲ್ಲಿ ಹೇಳಿದ್ದರು. ಮಳೆಯಲ್ಲಿ, ಅಂಗಳದ ಪಾಚಿಯ ಮೇಲೆ ಹಾಸಿದ ಅಡಿಕೆ ದಬ್ಬೆ (ಸೀಳಿದ ಅಡಿಕೆ ಮರ) ನೋಡಿಕೊಂಡು ನಡೆಯುವಾಗ ಅದೆಲ್ಲ ಯಾರಿಗೆ ನೆನಪಿರುತ್ತದೆ?

ನನಗಂತೂ ಚೆನ್ನಾಗಿ ನಡೀತಿದ್ದೀನಿ ಅಂತಲೇ ನಂಬಿಕೆ. ಹೆಂಡತಿ 'ಬಾತುಕೋಳಿ' ಅಂದಾಗ ತಮಾಷೆ ಅಂದುಕೊಂಡೆ. 2024ರ ಮಾರ್ಚ್‌ನಲ್ಲಿ ಮಾರಿಕಾಂಬಾ ಜಾತ್ರೆ ಬಂತು. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆ, ಬಿಡೋಕಾಗತ್ತಾ? ತಂಗಿಯ ಮಗ ಹಿಂದಿನಿಂದ ವಿಡಿಯೋ ಮಾಡಿದ್ದ. ರಾತ್ರಿ ನೋಡಿದರೆ ಜನರ ನಡುವೆ ಒಬ್ಬ ಮುದುಕ ಹೆಜ್ಜೆಹೆಜ್ಜೆಗೂ ಬಲಕ್ಕೆ ವಾಲುತ್ತಾ ಹೋಗುತ್ತಿದ್ದ. ಅಂಗಿ ನೋಡಿ ನಾನೇ ಅಂತ ಗೊತ್ತಾಯಿತು.

ಮತ್ತೆ ಫಿಸಿಯೋ. ಕನ್ನಡಿ ಮುಂದೆ ಬಲಗಾಲ ಮೇಲೆ ನಿಲ್ಲಿಸಿದರು. ಎಡಗಡೆ ಸೊಂಟ ಜೋತುಬಿತ್ತು. ಅದೇ ಪಕ್ಕಕ್ಕೆ ಕಾಲೆತ್ತುವ ವ್ಯಾಯಾಮವನ್ನು ಮೊದಲಿಂದ ಶುರು ಮಾಡಿದೆ. ಆಮೇಲೆ ಎಡ ಮಗ್ಗುಲಲ್ಲಿ ಮಲಗಿ, ಆಮೇಲೆ ರಬ್ಬರ್ ಬ್ಯಾಂಡ್ ಕಟ್ಟಿ. ಮೂರು ತಿಂಗಳಲ್ಲಿ ಮುಗಿಯಬಹುದಾಗಿದ್ದ ಕೆಲಸಕ್ಕೆ ಮತ್ತೆ ಎಂಟು ತಿಂಗಳು ಹಿಡಿಯಿತು. ಈಗಲೂ ತೋಟದ ದಿಬ್ಬ ಹತ್ತಿ ಸುಸ್ತಾದರೆ ಸಂಜೆ ಹೊತ್ತಿಗೆ ವಾಲುತ್ತೇನೆ.

ಹಾಗಾಗಿ 'ಫಿಸಿಯೋ ಬೇಕಾ, ವಾಕಿಂಗ್ ಸಾಕಾ' ಅನ್ನೋ ಪ್ರಶ್ನೆಯೇ ನನಗೆ ಸರಿ ಕಾಣಲ್ಲ. ವಾಕಿಂಗ್ ಬೇಕೇ ಬೇಕು, ಆದರೆ ಅದು ವ್ಯಾಯಾಮದ ಬದಲಿಗೆ ಅಲ್ಲ. ದಿನಾ ಸೆಂಟರಿಗೆ ಕರೆದುಕೊಂಡು ಹೋಗಬೇಕು ಅಂತಲೂ ನಾನು ಹೇಳಲ್ಲ. ಅಲ್ಲಿ ಕರೆಂಟ್ ಕೊಡಿಸಿಕೊಂಡು ಮಲಗಿದ್ದು ಬಂದರೆ ಏನೂ ಉಪಯೋಗ ಇಲ್ಲ. ವ್ಯಾಯಾಮ ಮನೆಯಲ್ಲೇ ಆಗಲಿ, ಎರಡು ವಾರಕ್ಕೊಮ್ಮೆ ಗೊತ್ತಿದ್ದವರು ಅಮ್ಮನ ನಡಿಗೆ ನೋಡಲಿ. ಯಾವ ವ್ಯಾಯಾಮ, ಎಷ್ಟು ಅಂತ ಅವರೇ ಹೇಳಬೇಕು. ನನ್ನದನ್ನು ನಕಲು ಮಾಡಿಸಬೇಡಿ.

ನೆಲದ ಮೇಲೆ ಕೂರುವುದು, ಮಣೆ ಊಟ, ಕಾಲ ಮೇಲೆ ಕಾಲು, ಹಿಪ್ 90 ಡಿಗ್ರಿಗಿಂತ ಜಾಸ್ತಿ ಮಡಚುವುದು ಇವೆಲ್ಲ ನನಗೆ ಮೂರು ತಿಂಗಳು ಬೇಡ ಅಂದಿದ್ದರು. ಹಿಂದಿನಿಂದ ಕೊಯ್ದಿದ್ದರೆ ಈ ಪಥ್ಯ ಬಿಗಿ, ಮುಂದಿನಿಂದಾದರೆ ಬೇರೆ. ನಿಮ್ಮ ಸರ್ಜನ್‌ಗೇ ಕೇಳಿ. ಮೀನಖಂಡ ಊದಿ ನೋಯುತ್ತಿದ್ದರೆ, ಉಸಿರು ಕಟ್ಟಿದಂತಾದರೆ ಎಣ್ಣೆ ತಿಕ್ಕುತ್ತಾ ಕೂರಬೇಡಿ. ರಕ್ತ ಹೆಪ್ಪುಗಟ್ಟಿರಬಹುದು, ತಕ್ಷಣ ಆಸ್ಪತ್ರೆಗೆ ಹೊರಡಿ.

ಇವತ್ತೇ ಒಂದು ಕೆಲಸ ಮಾಡಿ. ಅಮ್ಮ ಹತ್ತು ಹೆಜ್ಜೆ ನಡೆಯಲಿ, ಹಿಂದಿನಿಂದ ಮೊಬೈಲಲ್ಲಿ ವಿಡಿಯೋ ತೆಗೆಯಿರಿ. ವಿಡಿಯೋ ಅಂತ ಮೊದಲೇ ಹೇಳಬೇಡಿ, ನೆಟ್ಟಗೆ ನಡೆಯೋಕೆ ನೋಡ್ತಾರೆ. ಕಾಲು ನೋಡಬೇಡಿ, ಸೊಂಟ ಮತ್ತು ಭುಜ ನೋಡಿ. ಅದನ್ನು ಫಿಸಿಯೋದವರಿಗೂ ತೋರಿಸಿ.