ಓದುಗರ ಪ್ರಶ್ನೆ: ನಿರ್ಮಾಣ ನಿರ್ವಹಣೆ ಓದಿದವರು ಸೈಟಿಗೆ ಸಿದ್ಧರಾಗಿದ್ದಾರೆಯೇ?

ಪ್ರಶ್ನೆ: ಹಾಸನದ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ನಿರ್ಮಾಣ ನಿರ್ವಹಣೆಯ ವಿಷಯಗಳನ್ನು ಬೋಧಿಸುತ್ತೇನೆ. ಎಂಜಿನಿಯರಿಂಗ್ ಪದವಿಗಳಿಗೆ ಮಾನ್ಯತೆ ಕೊಡುವ ಎನ್‌ಬಿಎ ಕಡತಕ್ಕಾಗಿ ಪ್ರತಿವರ್ಷ ಸಿಒ-ಪಿಒ (ಕೋರ್ಸಿನ ಮತ್ತು ಪದವಿಯ ಕಲಿಕೆಯ ಫಲಿತಾಂಶಗಳ) ಲೆಕ್ಕ ಹಾಕಿದಾಗ ಗುರಿ ತಲುಪಿದ್ದೇವೆ ಎಂದೇ ಬರುತ್ತದೆ. ಕೋರ್ಸ್ ಮುಗಿಸಿ ಹೋಗುವವರು ತುಂಬಿಕೊಡುವ ಎಕ್ಸಿಟ್ ಸರ್ವೆಯಲ್ಲಿಯೂ ‘ಉತ್ತಮ’, ‘ಅತ್ಯುತ್ತಮ’ ಎಂಬ ಉತ್ತರಗಳೇ ಹೆಚ್ಚು. ಊರಿನ ಗುತ್ತಿಗೆದಾರರು ಮಾತ್ರ ಹುಡುಗರಿಗೆ ಸೈಟಿನಲ್ಲಿ ಏನೂ ಬಾರದು ಎನ್ನುತ್ತಾರೆ. ಯಾವುದನ್ನು ನಂಬಬೇಕು?

ಉತ್ತರ: ನಿಮ್ಮ ಲೆಕ್ಕವೂ ಸುಳ್ಳಲ್ಲ, ಗುತ್ತಿಗೆದಾರರ ದೂರೂ ಪೂರ್ತಿ ಸುಳ್ಳಲ್ಲ. ಪ್ರಶ್ನೆಪತ್ರಿಕೆಯ ಪ್ರತಿ ಪ್ರಶ್ನೆಯನ್ನು ಒಂದು ಕೋರ್ಸ್ ಫಲಿತಾಂಶಕ್ಕೆ ಜೋಡಿಸಿ, ನಿಗದಿತ ಅಂಕಕ್ಕಿಂತ ಹೆಚ್ಚು ಪಡೆದವರ ಪ್ರಮಾಣವನ್ನು ನೋಡಿ ನೀವು ಸಾಧನೆಯ ಮಟ್ಟವನ್ನು ನಿರ್ಧರಿಸುತ್ತೀರಿ. ಆ ನಿಗದಿತ ಅಂಕವನ್ನು ಗೊತ್ತುಮಾಡುವುದು ವಿಭಾಗವೇ. ವಿಟಿಯುವಿನ 2022ರ ಸ್ಕೀಮಿನಂತೆ ಥಿಯರಿ ವಿಷಯಗಳಲ್ಲಿ ಆಂತರಿಕ ಮೌಲ್ಯಮಾಪನಕ್ಕೆ 50, ಸೆಮಿಸ್ಟರ್ ಕೊನೆಯ ಪರೀಕ್ಷೆಗೆ 50 ಅಂಕಗಳಿವೆ. ಎರಡರಲ್ಲಿಯೂ ಕೇಳಿದ್ದು ವ್ಯಾಖ್ಯೆ ಮತ್ತು ಟಿಪ್ಪಣಿಯಾದರೆ, ಕೊನೆಯಲ್ಲಿ ಬರುವ ಅಂಕಿ ಅಳೆದಿರುವುದೂ ವ್ಯಾಖ್ಯೆ ಮತ್ತು ಟಿಪ್ಪಣಿಯನ್ನೇ. ಎಕ್ಸಿಟ್ ಸರ್ವೆಯಂತೂ ಪರೋಕ್ಷ ಸಾಕ್ಷ್ಯ. ಇನ್ನೂ ಒಂದು ಬಿಲ್ಲಿಗೂ ಸಹಿ ಹಾಕದ ವಿದ್ಯಾರ್ಥಿ ತನಗೆ ಅಂದಾಜು ಪಟ್ಟಿ ‘ಅತ್ಯುತ್ತಮವಾಗಿ’ ಬರುತ್ತದೆ ಎಂದು ಬರೆದರೆ, ನಮಗೆ ತಿಳಿಯುವುದು ಅವನ ಆತ್ಮವಿಶ್ವಾಸ ಎಷ್ಟೆಂಬುದು ಮಾತ್ರ.

ಹಾಗಾದರೆ ನೇರವಾಗಿ ಅಳೆಯುವುದು ಹೇಗೆ? ಒಂದು ಉದಾಹರಣೆ ಕೊಡುತ್ತೇನೆ. ‘ಕಾಂಕ್ರೀಟಿನ ಗುಣಮಟ್ಟ ನಿಯಂತ್ರಣವನ್ನು ವಿವರಿಸಿ’ ಎಂದು 10 ಅಂಕಕ್ಕೆ ಕೇಳುವ ಬದಲು, ಎಂ20 (28 ದಿನಗಳಲ್ಲಿ 20 ನ್ಯೂಟನ್ ಬಲ ಬರಬೇಕಾದ) ಕಾಂಕ್ರೀಟಿನ ಒಂದು ಸ್ಯಾಂಪಲ್‌ನ ಮೂರು ಕ್ಯೂಬುಗಳು 28 ದಿನಗಳ ನಂತರ 24, 23 ಮತ್ತು 17 ನ್ಯೂಟನ್ ಪ್ರತಿ ಚದರ ಮಿಲಿಮೀಟರ್ ಬಲ ತೋರಿಸಿವೆ ಎಂದು ಕೊಟ್ಟು, ಗುತ್ತಿಗೆದಾರನಿಗೆ ಏನು ಬರೆಯುತ್ತೀರಿ ಎಂದು ಕೇಳಿ. ಸರಾಸರಿ 21.3 ಬರುತ್ತದೆ, 20ಕ್ಕಿಂತ ಹೆಚ್ಚಿರುವುದರಿಂದ ಪಾಸು ಎಂದು ಬರೆಯುವವರೇ ಹೆಚ್ಚಿರುತ್ತಾರೆ. ಕಾಂಕ್ರೀಟ್ ಕೆಲಸದ ಭಾರತೀಯ ಮಾನಕ ಐಎಸ್ 456ರ ಪ್ರಕಾರ ಯಾವ ಕ್ಯೂಬೂ ಸರಾಸರಿಯಿಂದ ಶೇ 15ಕ್ಕಿಂತ ಹೆಚ್ಚು ದೂರ ಸರಿಯಬಾರದು, ಸರಿದರೆ ಆ ಸ್ಯಾಂಪಲ್‌ನ ಫಲಿತಾಂಶವೇ ಅಸಿಂಧು. ಇಲ್ಲಿ ಕೆಳಗಿನ ಮಿತಿ ಸುಮಾರು 18.1 ಆಗುವುದರಿಂದ 17ರ ಕ್ಯೂಬು ಹೊರಗೆ ಬೀಳುತ್ತದೆ. ವಿದ್ಯಾರ್ಥಿ ಈ ನಿಯಮವನ್ನು ಗುರುತಿಸಿದನೇ, ಕ್ಯೂಬು ತುಂಬುವಾಗ ಅಥವಾ ಕ್ಯೂರಿಂಗ್‌ನಲ್ಲಿ (ನೀರುಣಿಸಿ ಗಟ್ಟಿಯಾಗಿಸುವಾಗ) ಏನು ತಪ್ಪಿರಬಹುದೆಂದು ವಿಚಾರಿಸಿದನೇ, ಮುಂದಿನ ಕೆಲಸ ತಡೆಯಬೇಕೇ ಬೇಡವೇ ಎಂಬುದಕ್ಕೆ ಕಾರಣ ಕೊಟ್ಟನೇ, ಪತ್ರ ಓದಿದವನಿಗೆ ಮುಂದೇನು ಮಾಡಬೇಕೆಂದು ತಿಳಿಯುತ್ತದೆಯೇ ಎಂಬ ನಾಲ್ಕು ಅಂಶಗಳಿಗೆ ಮೊದಲೇ ಅಂಕ ಗೊತ್ತುಮಾಡಿದರೆ ಅದೇ ನಿಮ್ಮ ರೂಬ್ರಿಕ್. ಪಾಠ ಮಾಡಿದವರೊಬ್ಬರೇ ತಿದ್ದದೆ, ಸೈಟಿನಲ್ಲಿರುವ ಎಂಜಿನಿಯರೊಬ್ಬರೂ ಬೇರೆಯಾಗಿ ತಿದ್ದಲಿ. ಇಬ್ಬರ ಅಂಕಗಳ ನಡುವೆ ಬಹಳ ಅಂತರ ಬಂದರೆ ವಿದ್ಯಾರ್ಥಿಗಿಂತ ಮೊದಲು ರೂಬ್ರಿಕನ್ನೇ ತಿದ್ದಬೇಕಾಗುತ್ತದೆ.

ವೇಳಾಪಟ್ಟಿಯ ವಿಷಯವೂ ಹೀಗೆಯೇ. ಪರೀಕ್ಷೆಯಲ್ಲಿ ಚಟುವಟಿಕೆಗಳ ಪಟ್ಟಿ, ಅವಧಿ, ಯಾವುದರ ಹಿಂದೆ ಯಾವುದು ಎಂಬುದನ್ನೆಲ್ಲ ಕೊಟ್ಟು ಕ್ರಿಟಿಕಲ್ ಪಾತ್ (ಒಟ್ಟು ಅವಧಿಯನ್ನು ನಿರ್ಧರಿಸುವ ಕೆಲಸಗಳ ಸರಣಿ) ಕಂಡುಹಿಡಿಯಲು ಹೇಳುತ್ತೇವೆ. ಸೈಟಿನಲ್ಲಿ ಇವ್ಯಾವನ್ನೂ ಯಾರೂ ಕೊಡುವುದಿಲ್ಲ. ಸಕಲೇಶಪುರದ ಕಡೆ ಕಾಫಿ ಗೋದಾಮೊಂದರ ನಕ್ಷೆಯನ್ನಷ್ಟೇ ಕೊಟ್ಟು, ಏಪ್ರಿಲ್‌ನಲ್ಲಿ ಕೆಲಸ ಆರಂಭ ಎಂದು ಹೇಳಿ ನೋಡಿ. ಪಾಯ ತೋಡುವ ಕೆಲಸ ಜೂನ್ ಮಳೆಗೆ ಮುಂಚೆ ಮುಗಿಯುವಂತೆ ಯಾರು ಜೋಡಿಸುತ್ತಾರೆ, ನವೆಂಬರ್ ನಂತರ ಹಣ್ಣು ಕೊಯ್ಲಿಗೆ ಆಳುಗಳು ತೋಟಗಳತ್ತ ಹೋಗುವುದನ್ನು ಯಾರು ನೆನೆಯುತ್ತಾರೆ ಎಂಬುದು ಒಂದೇ ಹಾಳೆಯಲ್ಲಿ ಕಾಣಿಸಿಬಿಡುತ್ತದೆ. ಮಲೆನಾಡಿನ ಅಂಚಿನಲ್ಲಿರುವ ಕಾಲೇಜು ಈ ಪ್ರಶ್ನೆಯನ್ನು ಕೇಳದಿದ್ದರೆ ಇನ್ಯಾರು ಕೇಳಬೇಕು?

ಅಮೆರಿಕದಲ್ಲಿ ನಿರ್ಮಾಣ ಶಿಕ್ಷಣದ ಪದವಿಗಳಿಗೆ ಮಾನ್ಯತೆ ಕೊಡುವ ಎಸಿಸಿಇ ಎಂಬ ಸಂಸ್ಥೆ ಕಲಿಕೆಯ ಫಲಿತಾಂಶಗಳನ್ನು ಪಟ್ಟಿ ಮಾಡಿ, ಅವುಗಳಿಗೆ ನೇರ ಸಾಕ್ಷ್ಯವನ್ನು ಕೇಳುತ್ತದೆ. ಸುರಕ್ಷತಾ ಯೋಜನೆ, ವೆಚ್ಚದ ಅಂದಾಜು, ಕೆಲಸದ ವೇಳಾಪಟ್ಟಿ ಇವೆಲ್ಲ ಆ ಪಟ್ಟಿಯಲ್ಲಿವೆ. ಅಲ್ಲಿನ ಎಷ್ಟೋ ಕಾಲೇಜುಗಳು ಅಂತಿಮ ವರ್ಷದವರನ್ನು ಸಿಎಸಿ ಎಂಬ ಹೊರಗಿನ ಪರೀಕ್ಷೆಗೂ ಕೂರಿಸುತ್ತವೆ. ಹೊರಗಿನವರ ಅಳತೆಗೋಲು ಇರುವುದು ಒಳ್ಳೆಯದೇ. ಆದರೆ ಅದು ಬಹು ಆಯ್ಕೆಯ ಪರೀಕ್ಷೆಯಾದ್ದರಿಂದ ಗುತ್ತಿಗೆದಾರನಿಗೆ ಬರೆಯುವ ಪತ್ರವನ್ನು ಅದು ನೋಡುವುದಿಲ್ಲ.

ಇನ್ನು ಗುತ್ತಿಗೆದಾರರು. ‘ಏನೂ ಬಾರದು’ ಎಂಬ ಮಾತನ್ನು ಹಾಗೆಯೇ ಬರೆದುಕೊಳ್ಳಬೇಡಿ. ಮುಗಿದ ಕೆಲಸದ ಅಳತೆ ದಾಖಲಿಸುವ ಮೆಷರ್‌ಮೆಂಟ್ ಬುಕ್ ಬರೆಯಲು ಬಾರದೇ, ಕಬ್ಬಿಣದ ಸರಳುಗಳ ಬಾರ್ ಬೆಂಡಿಂಗ್ ಪಟ್ಟಿಯನ್ನು ಓದಲು ಬಾರದೇ, ಮೇಸ್ತ್ರಿಯೊಡನೆ ಮಾತಾಡಲು ಬಾರದೇ ಎಂದು ಬಿಡಿಸಿ ಕೇಳಿ. ಕಡಿಮೆ ಸಂಬಳಕ್ಕೆ ಹೆಚ್ಚು ಹೊತ್ತು ದುಡಿಯಲು ಒಪ್ಪದವನನ್ನೂ ಕೆಲಸ ಬಾರದವನ ಸಾಲಿಗೆ ಸೇರಿಸುವವರಿದ್ದಾರೆ.

ಪ್ರಶ್ನೆ: ಮಗಳು ಸಿವಿಲ್ ಕೊನೆಯ ವರ್ಷದಲ್ಲಿದ್ದಾಳೆ. ನಿರ್ಮಾಣ ನಿರ್ವಹಣೆಯಲ್ಲಿ ಎಂ.ಟೆಕ್. ಮಾಡುವ ಆಸೆ ಅವಳಿಗಿದೆ. ಕಾಲೇಜನ್ನು ಆರಿಸಲು ಪ್ಲೇಸ್‌ಮೆಂಟ್ ಶೇಕಡಾವಾರು ನೋಡಿದರೆ ಸಾಕೇ? (ಚಿಕ್ಕಮಗಳೂರಿನ ತಂದೆಯೊಬ್ಬರು)

ಉತ್ತರ: ಸಾಲದು. ಆ ಶೇಕಡಾವಾರು ಒಟ್ಟು ವಿದ್ಯಾರ್ಥಿಗಳ ಮೇಲಿನದೋ, ನೋಂದಾಯಿಸಿದ ‘ಅರ್ಹರ’ ಮೇಲಿನದೋ ಎಂದು ಮೊದಲು ಕೇಳಿ. ಕೆಲಸ ಸಿಕ್ಕಿದ್ದು ನಿರ್ಮಾಣ ಕಂಪನಿಯಲ್ಲೋ ಸಾಫ್ಟ್‌ವೇರ್ ಕಂಪನಿಯಲ್ಲೋ ಎಂಬುದನ್ನೂ ಕೇಳಿ. ಎರಡನೆಯದು ಕೆಟ್ಟದ್ದಲ್ಲ, ಆದರೆ ಈ ಪದವಿ ಏನು ಕಲಿಸಿತು ಎಂಬುದನ್ನು ಅದು ಹೇಳುವುದಿಲ್ಲ. ಸಾಧ್ಯವಾದರೆ ಹಿಂದಿನ ಬ್ಯಾಚಿನವರ ಇಂಟರ್ನ್‌ಷಿಪ್ ಡೈರಿಯೊಂದನ್ನು ನೋಡಿ. ದಿನವೂ ‘ಸೈಟಿಗೆ ಭೇಟಿ ನೀಡಿ ಕೆಲಸ ವೀಕ್ಷಿಸಲಾಯಿತು’ ಎಂದಿದ್ದರೆ ಅಲ್ಲಿ ಡೈರಿಯನ್ನು ಯಾರೂ ಓದುವುದಿಲ್ಲ ಎಂದರ್ಥ. ಒಂದು ಗೋಡೆಯ ಗಾರೆಯ ಅಳತೆಯನ್ನು ಬರೆದು, 1 ಮೀಟರ್ ಅಗಲ 2.1 ಮೀಟರ್ ಎತ್ತರದ ಬಾಗಿಲಿಗೆ ಒಂದೇ ಮುಖದ ಕಡಿತ ಮಾಡಿ, ಬಾಗಿಲಿನ ಬದಿಗಳ ಗಾರೆಯನ್ನು ಬೇರೆಯಾಗಿ ಅಳೆಯದ ಕಾರಣ ಕಟ್ಟಡ ಕೆಲಸದ ಅಳತೆಯ ಮಾನಕ ಐಎಸ್ 1200 ಹೀಗೆ ಹೇಳುತ್ತದೆ ಎಂದು ವಿದ್ಯಾರ್ಥಿ ಬರೆದಿದ್ದರೆ, ಪಕ್ಕದಲ್ಲಿ ಮಾರ್ಗದರ್ಶಕರ ಕೆಂಪು ಶಾಯಿಯೂ ಇದ್ದರೆ, ಆ ಕಾಲೇಜನ್ನು ಧೈರ್ಯವಾಗಿ ಪಟ್ಟಿಯಲ್ಲಿ ಇಟ್ಟುಕೊಳ್ಳಿ.

ಪ್ರಶ್ನೆ: ವೇಳಾಪಟ್ಟಿ ಹಾಕುವ ತಂತ್ರಾಂಶ ಪ್ರೈಮವೆರಾ ಕಲಿತು ಸರ್ಟಿಫಿಕೇಟ್ ಪಡೆದರೆ ಕೆಲಸಕ್ಕೆ ಸಿದ್ಧನಾದಂತೆಯೇ? (ಹಾಸನದ ವಿದ್ಯಾರ್ಥಿ)

ಉತ್ತರ: ಕಲಿಯಿರಿ, ಸಂದರ್ಶನದಲ್ಲಿ ಉಪಯೋಗಕ್ಕೆ ಬರುತ್ತದೆ. ಆದರೆ ಕ್ಯೂರಿಂಗ್‌ಗೆ ಎಷ್ಟು ದಿನ ಎಂದು ಆ ತಂತ್ರಾಂಶ ನಿಮ್ಮನ್ನೇ ಕೇಳುತ್ತದೆ. ಪುಸ್ತಕದ ನೆನಪಿನಿಂದ 7 ಎಂದು ತುಂಬುವ ಮೊದಲು ಸಿಮೆಂಟ್ ಚೀಲದ ಮೇಲೆ ಏನಿದೆ ಎಂದು ನೋಡಿ. ಐಎಸ್ 456ರಲ್ಲಿ ಕನಿಷ್ಠ 7 ದಿನ ಎಂದಿರುವುದು ಒಪಿಸಿಗೆ (ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ), ಪಿಪಿಸಿಯಂಥ ಮಿಶ್ರ ಸಿಮೆಂಟಿಗೆ ಕನಿಷ್ಠ 10 ದಿನ.