ಮರುಕಳಿಸಿದ ರಕ್ತ ಕ್ಯಾನ್ಸರ್: ಅಪ್ಪನ ಬಿಳಿ ಕಣ ಕೊಟ್ಟರೆ ಸಾಕೇ?

ಪ್ರಶ್ನೆ: ಚಿಕಿತ್ಸೆ ಮುಗಿದ ವರ್ಷಕ್ಕೆ 9 ವರ್ಷದ ಮಗನಿಗೆ ರಕ್ತ ಕ್ಯಾನ್ಸರ್ ಮತ್ತೆ ಬಂದಿದೆ. ನಮ್ಮಿಬ್ಬರದೂ ಒಂದೇ ರಕ್ತದ ಗುಂಪು. ನನ್ನ ಬಿಳಿ ರಕ್ತಕಣಗಳನ್ನು ನೇರವಾಗಿ ಅವನಿಗೆ ಕೊಡಬಹುದೇ?
– ಓದುಗರು, ಆಳಂದ

ಉತ್ತರ: ಕೊಡುವಂತಿಲ್ಲ. ಸೇಡಂ, ಹುಮನಾಬಾದ್ ಕಡೆಯಿಂದಲೂ ಇದೇ ಪ್ರಶ್ನೆ ಪದೇ ಪದೇ ಬರುತ್ತಿರುವುದರಿಂದ ಸ್ವಲ್ಪ ಕಟುವಾಗಿಯೇ ಬರೆಯುತ್ತಿದ್ದೇನೆ. ಇಲ್ಲಿ ಮುಖ್ಯವಾದದ್ದು ರಕ್ತದ ಗುಂಪಲ್ಲ, ಎಚ್‌ಎಲ್‌ಎ (ತನ್ನದು ಯಾವುದು, ಪರಕೀಯ ಯಾವುದು ಎಂದು ದೇಹ ಗುರುತಿಸಲು ನೆರವಾಗುವ, ಕೋಶಗಳ ಮೇಲಿನ ಗುರುತು) ಹೊಂದಾಣಿಕೆ. ತಂದೆ ಅಥವಾ ತಾಯಿಯೊಂದಿಗೆ ಅದು ಸಾಮಾನ್ಯವಾಗಿ ಅರ್ಧ ಹೊಂದುತ್ತದೆ; ಒಡಹುಟ್ಟಿದ ಒಬ್ಬರೊಂದಿಗೆ ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು. ದಾನಿಯ ಟಿ ಕೋಶಗಳು (ರೋಗದ ವಿರುದ್ಧ ಹೋರಾಡುವ ಒಂದು ಬಗೆಯ ಬಿಳಿ ರಕ್ತಕಣ) ಕ್ಯಾನ್ಸರ್ ಕೋಶಗಳನ್ನು ಪರಕೀಯವೆಂದು ಗುರುತಿಸಿ ಕೊಲ್ಲಬಲ್ಲವು ಎಂಬುದು ನಿಜ, ಆದರೆ ಅವುಗಳಿಗೆ ಮಗುವಿನ ಚರ್ಮ, ಕರುಳು, ಯಕೃತ್ತು ಕೂಡ ಪರಕೀಯವೇ. ಆದ್ದರಿಂದ ಮೊದಲು ಔಷಧಿಯಿಂದ ರೋಗವನ್ನು ಹತೋಟಿಗೆ ತಂದು, ಬಳಿಕ ಅಸ್ಥಿಮಜ್ಜೆ ಕಸಿ ಮಾಡಿ, ಅದರ ನಂತರವೂ ರೋಗ ತಲೆಯೆತ್ತಿದರೆ ಅದೇ ದಾನಿಯ ಲಿಂಫೋಸೈಟ್‌ಗಳನ್ನು (ಟಿ ಕೋಶಗಳೂ ಸೇರಿದ ಬಿಳಿ ರಕ್ತಕಣಗಳನ್ನು) ತೀರ ಸಣ್ಣ ಪ್ರಮಾಣದಿಂದ ಆರಂಭಿಸಿ, ವಾರಗಳ ಅಂತರದಲ್ಲಿ ಏರಿಸುತ್ತ ಕೊಡಲಾಗುತ್ತದೆ. 1990ರಲ್ಲಿ ಜರ್ಮನಿಯ ವೈದ್ಯರು ಇದರ ಫಲವನ್ನು ಮೊದಲು ವರದಿ ಮಾಡಿದ್ದು ಸಿಎಂಎಲ್ ಎಂಬ ರಕ್ತ ಕ್ಯಾನ್ಸರಿನಲ್ಲಿ. ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಎಎಲ್‌ಎಲ್ ಎಂಬ ರಕ್ತ ಕ್ಯಾನ್ಸರಿನಲ್ಲಿ ಅಷ್ಟು ಫಲ ಸಿಗುವುದಿಲ್ಲ. ಕೋಶ ಕೊಟ್ಟ ಮೇಲೆ ಅಂಗೈ, ಅಂಗಾಲು, ಕಿವಿಯ ಹಿಂದೆ ಕೆಂಪು ದದ್ದು, ನೀರಿನಂಥ ಭೇದಿ, ಕಣ್ಣು ಹಳದಿಯಾಗುವುದು, ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲೆಂದು ಕಾಯದೆ ಕಸಿ ಮಾಡಿದ ಆಸ್ಪತ್ರೆಗೆ ಫೋನ್ ಮಾಡಬೇಕು.

ಇನ್ನೊಂದು ಮಾತು. "ಮನೆಯವರದೇ ತಾಜಾ ರಕ್ತ ಹಾಕಿಸಿ" ಎಂದು ಸಲಹೆ ಕೊಡುವವರ ಮಾತು ದಯವಿಟ್ಟು ಕೇಳಬೇಡಿ. ಹತ್ತಿರದ ಬಂಧುಗಳ ರಕ್ತದಲ್ಲಿರುವ ಟಿ ಕೋಶಗಳನ್ನು ಎಚ್‌ಎಲ್‌ಎ ಹೋಲಿಕೆಯಿಂದಾಗಿ ಮಗುವಿನ ದೇಹ ಹೊರಹಾಕದೆ ಹೋದರೆ ಅವು ಮಗುವಿನ ಮೇಲೆಯೇ ತಿರುಗಿಬೀಳುತ್ತವೆ. ಸೋದರ ಸಂಬಂಧದ ಮದುವೆಗಳು ರೂಢಿಯಲ್ಲಿರುವ ನಮ್ಮ ಭಾಗದಲ್ಲಿ ಈ ಅಪಾಯ ಇನ್ನೂ ಹೆಚ್ಚು, ಮತ್ತು ಹಾಗಾದಾಗ ಬದುಕುವವರು ವಿರಳ. ಟಿ ಕೋಶಗಳು ನಿಷ್ಕ್ರಿಯವಾಗುವಂತೆ ವಿಕಿರಣಕ್ಕೆ ಒಡ್ಡಿದ ರಕ್ತವನ್ನೇ ಕೇಳಿ ಪಡೆಯಿರಿ. ಕಸಿಯ ಮಾತು ಬರಲಿ ಎಂದು ಕಾಯದೆ ತಂದೆ, ತಾಯಿ, ಒಡಹುಟ್ಟಿದವರೆಲ್ಲರ ಎಚ್‌ಎಲ್‌ಎ ಪರೀಕ್ಷೆಗೆ ಈ ವಾರವೇ ಮಾದರಿ ಕೊಡಿ.

ಪ್ರಶ್ನೆ: ಭಾರತದಲ್ಲೇ ತಯಾರಾದ ಕಾರ್-ಟಿ ಚಿಕಿತ್ಸೆಗೆ ದಾನಿ ಬೇಕೇ?
– ಓದುಗರು, ಬೀದರ್

ಉತ್ತರ: ಬೇಡ. 2023ರಲ್ಲಿ ಅನುಮತಿ ಪಡೆದ, ನೆಕ್ಸ್‌ಕಾರ್19 ಎಂಬ ಈ ಚಿಕಿತ್ಸೆ ತಯಾರಾಗುವುದು ಕ್ಯಾನ್ಸರ್ ಕೋಶಗಳನ್ನು ಗುರುತಿಸಿ ಕೊಲ್ಲುವಂತೆ ಮಾರ್ಪಡಿಸಿದ ರೋಗಿಯದೇ ಟಿ ಕೋಶಗಳಿಂದ. ಆ ಅನುಮತಿ 15 ವರ್ಷ ಮೇಲ್ಪಟ್ಟವರಿಗೆ.

ಪ್ರಶ್ನೆ: ಕಸಿಯಾದ ಮಗುವಿಗೆ ಶಕ್ತಿ ಬರಲೆಂದು ಅಮೃತಬಳ್ಳಿ ಕಷಾಯ ಕೊಡಬಹುದೇ?
– ಓದುಗರು, ಯಾದಗಿರಿ

ಉತ್ತರ: ಕೂಡದು. ದಾನಿಯ ಕೋಶಗಳು ಕೆರಳದಂತೆ ನಾವು ಔಷಧಿ ಕೊಡುತ್ತಿರುವಾಗ ಅವನ್ನೇ ಕೆರಳಿಸಬಲ್ಲ ಕಷಾಯ ಮಾರುವವರು ವೈದ್ಯರಲ್ಲ. ಅದರಿಂದ ಯಕೃತ್ತಿಗೆ ಹಾನಿಯಾದ ವರದಿಗಳೂ ನಮ್ಮ ದೇಶದಲ್ಲೇ ಇವೆ.